ಬನ ಬಿಟ್ಟರೆ ಗುಡಿ ಕಟ್ಟಿಸಿಕೊಡುತ್ತೇವೆ ಎನ್ನುವ ಕಂಪನಿಗೆ ನಿಯಮಗಿರಿ ತೀರ್ಪಿನಲ್ಲಿ ಉತ್ತರವಿದೆಯೇ?

ಕಾನಂಚು (ಪ್ರಶ್ನೆ)

ಮಾನ್ಯರೆ,

ನಾನು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಒಂದು ಸಣ್ಣ ಊರಿನವನು. ನಮ್ಮೂರಿನ ಮೂಡಣಕ್ಕೆ ಒಂದು ಚೌಡಿಬನವಿದೆ. ಅದರ ಅರ್ಧ ಭಾಗ ಅರಣ್ಯ ಇಲಾಖೆಯ ನಕ್ಷೆಯಲ್ಲಿಯೂ ಉಳಿದರ್ಧ ಕಂದಾಯ ಭೂಮಿಯ ಪಹಣಿಯಲ್ಲಿಯೂ ಸೇರಿಹೋಗಿದೆ. ಅಲ್ಲಿ ಗುಡಿಯಿಲ್ಲ, ಮೂರ್ತಿಯಿಲ್ಲ. ಹಳೆಯದೊಂದು ಮರದ ಬುಡದಲ್ಲಿ ಕುಂಕುಮ ಹಚ್ಚಿದ ಎರಡು ಕಲ್ಲುಗಳಿವೆ, ಅಷ್ಟೆ. ಬನದೊಳಗೆ ಕತ್ತಿ ಒಯ್ಯಬಾರದು, ಚಪ್ಪಲಿ ಮೆಟ್ಟಬಾರದು, ತಾನಾಗಿ ಬಿದ್ದ ಮರವನ್ನೂ ಮನೆಗೆ ತರಬಾರದು ಎಂಬ ಕಟ್ಟಳೆಯನ್ನು ಯಾರೂ ಮುರಿದದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಕೆಳಗಿನ ತೋಟಗಳಿಗೆ ನೀರು ಬರುವುದು ಆ ಬನದ ಒರತೆಯಿಂದಲೇ.

ಬನಕ್ಕೆ ತಾಗಿದ ಗುಡ್ಡದಲ್ಲಿ ಕಲ್ಲುಕ್ವಾರಿ ಮತ್ತು ಜಲ್ಲಿ ಕ್ರಷರ್ ನಡೆಸಲು ಒಂದು ಕಂಪನಿ ಅರ್ಜಿ ಹಾಕಿದೆ. ಕಳೆದ ತಿಂಗಳು ಅದರ ಪ್ರತಿನಿಧಿಗಳು ಶಾಲೆಯ ಜಗಲಿಯಲ್ಲಿ ಸಭೆ ಕರೆದು, ದೇವರಿಗೆ ಯಾವ ಲೋಪವೂ ಆಗದಂತೆ ಡಾಂಬರು ರಸ್ತೆಯ ಪಕ್ಕದಲ್ಲಿ ಆರ್‌ಸಿಸಿ ಗುಡಿ ಕಟ್ಟಿಸಿ, ಪ್ರತಿಷ್ಠೆಯ ಖರ್ಚನ್ನೂ ತಾವೇ ವಹಿಸಿಕೊಳ್ಳುವುದಾಗಿ ಹೇಳಿದರು. ಕೆಲವು ಯುವಕರಿಗೆ ಆ ಮಾತು ಒಪ್ಪಿಗೆಯಾಯಿತು. ಆಗ ನಮ್ಮ ನೆರೆಮನೆಯ ಅಜ್ಜಿಯೊಬ್ಬರು ಎದ್ದು ನಿಂತು, ‘ಮರ, ನೀರು, ಹುತ್ತ ಎಲ್ಲ ಸೇರಿ ಚೌಡಿ. ಅದರಲ್ಲಿ ನೀವು ಯಾವುದನ್ನು ಎತ್ತಿ ಗುಡಿಯಲ್ಲಿ ಕೂರಿಸುತ್ತೀರಿ?’ ಎಂದು ಕೇಳಿದರು. ಅವರಿಗೆ ಉತ್ತರ ಸಿಗಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಅಜ್ಜಿ ಅಂದು ತಲೆ ತಗ್ಗಿಸಿಕೊಂಡು ಮನೆಗೆ ಹೋದದ್ದು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಒಡಿಶಾದ ನಿಯಮಗಿರಿಯಲ್ಲಿ ಆದಿವಾಸಿಗಳ ದೇವರ ಬೆಟ್ಟವನ್ನು ಸುಪ್ರೀಂ ಕೋರ್ಟ್ ಗಣಿಯಿಂದ ಉಳಿಸಿತು ಎಂದು ಓದಿದ್ದೇನೆ. ಆ ತೀರ್ಪು ನಮ್ಮಂಥವರಿಗೆ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದನ್ನು ನನ್ನ ಸ್ನೇಹಿತರೊಬ್ಬರು ಎತ್ತಿದರು: ದೇವರಿದ್ದಾನೆಂಬ ಕಾರಣಕ್ಕೆ ಒಂದು ಬೆಟ್ಟ ಉಳಿಯುವುದಾದರೆ, ದೇವರಿಲ್ಲದ ಬೆಟ್ಟವನ್ನು ಯಾರು ಬೇಕಾದರೂ ಅಗೆಯಬಹುದೇ? ನಮ್ಮೂರಿನಲ್ಲಿ ಚೌಡಿಗೆ ನಡೆದುಕೊಳ್ಳದ ಮನೆಗಳೂ ಇವೆ, ಅವರೂ ಅದೇ ಒರತೆಯ ನೀರನ್ನೇ ಕುಡಿಯುತ್ತಾರೆ. ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದ ವಕೀಲ

ಕಾನಂಚು ಅವರೇ, ತೀರ್ಪನ್ನು ಅದರ ಹಿನ್ನೆಲೆಯೊಂದಿಗೆ ಹೇಳದಿದ್ದರೆ ತಪ್ಪು ಭರವಸೆ ಕೊಟ್ಟಂತಾದೀತು. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ನಿಯಮಗಿರಿ ಬೆಟ್ಟಸಾಲು ಒಡಿಶಾದ ರಾಯಗಡ ಮತ್ತು ಕಾಳಹಂಡಿ ಜಿಲ್ಲೆಗಳಲ್ಲಿ ಹರಡಿದೆ. ಅಲ್ಲಿನ ಡೊಂಗ್ರಿಯಾ ಕೊಂಧರು ಸುಮಾರು 8,000 ಜನ. ಅವರಾಡುವ ಕುವಿ ನಮ್ಮ ಕನ್ನಡದಂತೆಯೇ ದ್ರಾವಿಡ ಬಳಗದ ಭಾಷೆ. ಬೆಟ್ಟದ ಒಡೆಯನಾದ ನಿಯಮರಾಜ ಬಾಳುವೆಯ ಕಟ್ಟಳೆಗಳನ್ನು ಕೊಟ್ಟವನೆಂದು ಅವರು ನಂಬುತ್ತಾರೆ, ಅವನ ನೆಲೆಯೆಂದು ನೆತ್ತಿಯ ಕಾಡನ್ನು ಕಡಿಯುವುದಿಲ್ಲ. ವಂಶಧಾರಾ ನದಿ ಹುಟ್ಟುವುದು ಅದೇ ಬೆಟ್ಟಗಳಲ್ಲಿ. ಆ ನೆತ್ತಿಯಲ್ಲಿ 7 ಕೋಟಿ ಟನ್ನಿಗೂ ಹೆಚ್ಚು ಬಾಕ್ಸೈಟ್, ಎಂದರೆ ಅಲ್ಯೂಮಿನಿಯಂನ ಅದಿರಿದೆ. ಗಣಿ ಉದ್ಯಮದ ವೇದಾಂತ ಸಮೂಹವು ಬೆಟ್ಟದ ಬುಡದ ಲಾಂಜಿಗಡದಲ್ಲಿ ಅಲ್ಯೂಮಿನಾ ಸಂಸ್ಕರಣಾ ಘಟಕವನ್ನು, ಗಣಿಗೆ ಅರಣ್ಯ ಅನುಮತಿ ದೊರೆಯುವ ಮೊದಲೇ ಕಟ್ಟಿ ಮುಗಿಸಿತ್ತು. ಇದನ್ನು ಗಮನಿಸಿ, ಏಕೆಂದರೆ ಮೊದಲು ಹಣ ಹೂಡಿ, ಆಮೇಲೆ ಹೂಡಿದ ಹಣವನ್ನೇ ಅನುಮತಿಗೆ ಕಾರಣವಾಗಿ ಮುಂದಿಡುವ ಕ್ರಮ ಸಣ್ಣ ಕ್ವಾರಿಗಳಲ್ಲಿಯೂ ಕಾಣಸಿಗುತ್ತದೆ.

2008ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಷರತ್ತುಗಳೊಂದಿಗೆ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಆ ಷರತ್ತುಗಳಲ್ಲಿ ಒಂದು, ಲಾಭದ ಶೇ 5 ಅಥವಾ ವರ್ಷಕ್ಕೆ 10 ಕೋಟಿ ರೂಪಾಯಿ, ಯಾವುದು ಹೆಚ್ಚೋ ಅದನ್ನು ಆ ಪ್ರದೇಶದ ಅಭಿವೃದ್ಧಿಗೆ ಕೊಡಬೇಕೆಂಬುದು. ಬೆಟ್ಟಕ್ಕೆ ಬದಲು ಹಣ ಎಂಬ ಲೆಕ್ಕ ಅಂದು ನ್ಯಾಯಾಲಯಕ್ಕೂ ಸಮಂಜಸವಾಗಿ ಕಂಡಿತ್ತು. 2010ರಲ್ಲಿ ಕೇಂದ್ರ ನೇಮಿಸಿದ ಎನ್.ಸಿ. ಸಕ್ಸೇನಾ ಸಮಿತಿಯು, ಕಾಡಿನಲ್ಲಿ ಬಾಳುವವರ ಹಕ್ಕುಗಳನ್ನು ಮಾನ್ಯ ಮಾಡುವ ಅರಣ್ಯ ಹಕ್ಕು ಕಾಯ್ದೆಯ ಉಲ್ಲಂಘನೆಯಾಗಿದೆ ಎಂದು ವರದಿ ಕೊಟ್ಟ ಮೇಲೆ, ಕೇಂದ್ರ ಪರಿಸರ ಸಚಿವಾಲಯವು ಆಗಸ್ಟ್ 24ರಂದು ಅನುಮತಿಯನ್ನು ನಿರಾಕರಿಸಿತು. ರಾಜ್ಯ ಸರ್ಕಾರದ ಒಡಿಶಾ ಗಣಿ ನಿಗಮ ಅದನ್ನು ಪ್ರಶ್ನಿಸಿದ ಅರ್ಜಿಯಲ್ಲಿಯೇ 2013ರ ಏಪ್ರಿಲ್ 18ರ ತೀರ್ಪು ಬಂದದ್ದು.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಆ ತೀರ್ಪಿನಲ್ಲಿ ನ್ಯಾಯಾಲಯವು ನಿಯಮರಾಜನಿದ್ದಾನೆಯೇ, ಅವನಿರುವುದು ಗಣಿಯ ಜಾಗದಲ್ಲಿಯೇ ಎಂದು ತಾನೇ ಅಳೆಯಲು ಹೋಗಲಿಲ್ಲ. ಗಣಿಯಿಂದ ಪೂಜೆಯ ಹಕ್ಕಿಗೆ ಧಕ್ಕೆಯಾಗುತ್ತದೆಯೇ ಎಂಬುದನ್ನು ಆ ನಂಬಿಕೆಯಲ್ಲಿ ಬಾಳುವವರೇ ತಮ್ಮ ಗ್ರಾಮಸಭೆಯಲ್ಲಿ, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿಯ ಸಮ್ಮುಖದಲ್ಲಿ, ಹೊರಗಿನವರ ಒತ್ತಡವಿಲ್ಲದೆ ಹೇಳಬೇಕು ಎಂದಿತು. ಅದರ ಜೊತೆಗೆ ವೈಯಕ್ತಿಕ ಮತ್ತು ಸಾಮುದಾಯಿಕ ಅರಣ್ಯ ಹಕ್ಕುಗಳ ಬೇಡಿಕೆಗಳನ್ನೂ ಅದೇ ಸಭೆಗಳ ಮುಂದಿಟ್ಟಿತು. ಆದ್ದರಿಂದ ದೇವರಿಲ್ಲದ ಬೆಟ್ಟಕ್ಕೆ ರಕ್ಷಣೆಯಿಲ್ಲ ಎಂಬ ಅರ್ಥ ಅಲ್ಲಿಂದ ಹೊರಡುವುದಿಲ್ಲ. ನೆಲದ ಮೇಲಿನ ಹಕ್ಕನ್ನೂ ನಂಬಿಕೆಯ ಹಕ್ಕನ್ನೂ ಒಟ್ಟಿಗೇ ಕೇಳಬೇಕು, ಅದನ್ನು ಅಲ್ಲಿಯವರನ್ನೇ ಕೇಳಬೇಕು ಎಂಬುದು ಅದರ ತಿರುಳು. ಧರ್ಮವೆಂದರೆ ಮನಸ್ಸಿನೊಳಗಿನ ನಂಬಿಕೆಯಷ್ಟೇ ಅಲ್ಲ, ಆಚರಣೆಯೂ ಅದರ ಅಂಗ ಎಂಬ ತತ್ವವನ್ನು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ. ಮಠವೊಂದು ಪಡೆದ ಆ ರಕ್ಷಣೆ ಗುಡಿಯಿಲ್ಲದ, ಗ್ರಂಥವಿಲ್ಲದ ಜನರಿಗೂ ಸಲ್ಲುತ್ತದೆ ಎಂದು ಸ್ಪಷ್ಟವಾದದ್ದನ್ನು ನಾನು ನಿಯಮಗಿರಿಯ ದೊಡ್ಡ ಕೊಡುಗೆ ಎಂದು ಭಾವಿಸುತ್ತೇನೆ.

ಆದರೆ ನಿಮ್ಮ ಊರಿಗೆ ಅದನ್ನು ಹಾಗೆಯೇ ಎತ್ತಿ ತರಲಾಗುವುದಿಲ್ಲ. ಆದಿವಾಸಿ ಪ್ರದೇಶಗಳಿಗೆ ವಿಶೇಷ ರಕ್ಷಣೆ ಕೊಡುವ ಸಂವಿಧಾನದ ಐದನೇ ಅನುಸೂಚಿಗೆ ಸೇರಿದ ಪ್ರದೇಶಗಳು ಕರ್ನಾಟಕದಲ್ಲಿಲ್ಲ. ಹಾಗಾಗಿ ಅಲ್ಲಿನ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ ಪೆಸಾ ಕಾಯ್ದೆಯಾಗಲಿ, ಅನುಸೂಚಿತ ಪ್ರದೇಶದಲ್ಲಿ ಖಾಸಗಿ ಕಂಪನಿಗೆ ಗಣಿ ಗುತ್ತಿಗೆ ಕೊಡಬಾರದೆಂದ 1997ರ ಸಮತಾ ತೀರ್ಪಾಗಲಿ ನಿಮಗೆ ಒದಗುವುದಿಲ್ಲ. ಒದಗುವುದು 2006ರ ಅರಣ್ಯ ಹಕ್ಕು ಕಾಯ್ದೆ, ಅದೂ ಬನದ ಅರಣ್ಯ ಭಾಗಕ್ಕೆ ಮಾತ್ರ. ನಿಮ್ಮ ಜಿಲ್ಲೆಯಲ್ಲಿ ಆ ಕಾಯ್ದೆ ಎಂದರೆ ಅತಿಕ್ರಮಣದ ಸಕ್ರಮ ಎಂದೇ ಜನ ತಿಳಿದಿದ್ದಾರೆ, ಸಾಮುದಾಯಿಕ ಹಕ್ಕಿನ ಮಾತು ಕೇಳಿಬರುವುದು ಕಡಿಮೆ. ತಾವು ಹಿಂದಿನಿಂದ ಕಾಪಾಡಿಕೊಂಡು ಬಂದ ಕಾಡನ್ನು ಮುಂದೆಯೂ ಕಾಪಾಡುವ ಹಕ್ಕನ್ನು 3ನೇ ಸೆಕ್ಷನ್, ತಮ್ಮ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಗೆ ಹಾನಿಯಾಗದಂತೆ ನೋಡಿಕೊಳ್ಳುವ ಅಧಿಕಾರವನ್ನು 5ನೇ ಸೆಕ್ಷನ್ ಕೊಡುತ್ತವೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿ ಕುಟುಂಬಗಳು ನಿಮ್ಮಲ್ಲಿದ್ದರೆ ಅವರ ದಾರಿ ಸ್ವಲ್ಪ ಸುಲಭ. ಉಳಿದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ವಾಸವಿದ್ದು ಕಾಡನ್ನು ಅವಲಂಬಿಸಿದ್ದನ್ನು ತೋರಿಸಬೇಕು.

ಕಂದಾಯ ಭಾಗದ ಕ್ವಾರಿಗೆ ಪರಿಸರ ಅನುಮತಿ ಬೇಕು. ಸುಪ್ರೀಂ ಕೋರ್ಟಿನ 2012ರ ದೀಪಕ್ ಕುಮಾರ್ ತೀರ್ಪಿನ ನಂತರ 5 ಹೆಕ್ಟೇರಿಗಿಂತ ಚಿಕ್ಕದೆಂಬ ನೆಪದಿಂದ ಅದರಿಂದ ತಪ್ಪಿಸಿಕೊಳ್ಳಲಾಗದು. ಅನುಮತಿ ಹೊರಬಿದ್ದರೆ 30 ದಿನಗಳೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಮೇಲ್ಮನವಿ ಹಾಕಬೇಕು. ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಅದಕ್ಕಿಂತ ಹೆಚ್ಚಿಲ್ಲ. ಈ ದಿನಗಳ ಲೆಕ್ಕ ತಪ್ಪಿ ಕೈಬಿಟ್ಟುಹೋದ ಪ್ರಕರಣಗಳನ್ನು ನಾನು ಕಂಡಿದ್ದೇನೆ. ಇನ್ನೊಂದು ಮಾತು: 2024ರ ಡಿಸೆಂಬರ್ 18ರಂದು ರಾಜಸ್ಥಾನದ ಓರಣ್‌ಗಳ ಬಗ್ಗೆ, ಎಂದರೆ ಅಲ್ಲಿನ ದೇವರಕಾಡುಗಳ ಬಗ್ಗೆ, ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ನಿಮ್ಮ ಆಕ್ಷೇಪಣೆಯಲ್ಲಿ ತಪ್ಪದೆ ಉಲ್ಲೇಖಿಸಿ. ಅಂಥ ಬನಗಳನ್ನು ಅಳೆದು, ಗುರುತಿಸಿ, ಅವನ್ನು ಕಾಯ್ದುಕೊಂಡು ಬಂದ ಸಮುದಾಯಗಳನ್ನು ಮಾನ್ಯ ಮಾಡಬೇಕೆಂಬ ದೃಷ್ಟಿ ಅದರಲ್ಲಿದೆ.

ಲಂಡನ್‌ನ ಲೆಕ್ಕಿಗ

ನಾನು ಇಲ್ಲಿ ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದೇನೆ. ವೇದಾಂತ ರಿಸೋರ್ಸಸ್ 2018ರವರೆಗೆ ಲಂಡನ್ ಷೇರು ಪೇಟೆಯಲ್ಲಿದ್ದ ಕಾರಣ, ನಿಯಮಗಿರಿಯ ಹೋರಾಟದ ಒಂದು ಪಾಲು ಇಲ್ಲಿಯೂ ನಡೆಯಿತು. ವಕೀಲರು ಹೇಳದೆ ಬಿಟ್ಟ ಆ ಭಾಗವನ್ನಷ್ಟೇ ಸೇರಿಸುತ್ತೇನೆ.

ನಾರ್ವೆಯ ಸರ್ಕಾರಿ ಪಿಂಚಣಿ ನಿಧಿಯು ತನ್ನ ನೀತಿ ಮಂಡಳಿಯ ಶಿಫಾರಸಿನಂತೆ 2007ರಲ್ಲಿ ಆ ಕಂಪನಿಯ ಷೇರುಗಳಿಂದ ಹೊರಬಂದಿತು. 2009ರ ಸೆಪ್ಟೆಂಬರ್‌ನಲ್ಲಿ, ಆದಿವಾಸಿಗಳ ಹಕ್ಕಿಗಾಗಿ ದುಡಿಯುವ ಸರ್ವೈವಲ್ ಇಂಟರ್‌ನ್ಯಾಷನಲ್ ಸಂಸ್ಥೆಯ ದೂರನ್ನು ವಿಚಾರಿಸಿದ ಬ್ರಿಟನ್ ಸರ್ಕಾರದ ಒಇಸಿಡಿ ಸಂಪರ್ಕ ಕೇಂದ್ರವು (ಒಇಸಿಡಿ ಎಂಬ ರಾಷ್ಟ್ರಗಳ ಕೂಟವು ಕಂಪನಿಗಳಿಗೆ ಹಾಕಿಕೊಟ್ಟ ಮಾರ್ಗಸೂಚಿಗಳ ಬಗ್ಗೆ ದೂರು ಕೇಳುವ ಕಚೇರಿ), ಕಂಪನಿ ಡೊಂಗ್ರಿಯಾ ಕೊಂಧರ ಹಕ್ಕುಗಳನ್ನು ಗೌರವಿಸಲಿಲ್ಲ, ಅವರೊಂದಿಗೆ ಸಕಾಲದಲ್ಲಿ ಸಮಾಲೋಚನೆ ನಡೆಸಲಿಲ್ಲ ಎಂದು ತೀರ್ಮಾನಿಸಿತು. 2010ರ ಫೆಬ್ರುವರಿಯಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ತನ್ನ ಷೇರುಗಳನ್ನು ಮಾರಿತು. ಇದು ನನ್ನನ್ನು ಬಹಳ ಕಾಲ ಯೋಚನೆಗೆ ಹಚ್ಚಿದೆ. ಭವ್ಯ ಕಟ್ಟಡಗಳಲ್ಲಿ ಆರಾಧನೆ ನಡೆಸುವ ಒಂದು ಧರ್ಮಸಂಸ್ಥೆ, ಕಟ್ಟಡವೇ ಇಲ್ಲದ ಇನ್ನೊಂದು ಜನರ ಆರಾಧನೆಯ ಪಾವಿತ್ರ್ಯಕ್ಕೆ ತನ್ನ ಹಣವನ್ನು ಹಿಂದೆಗೆದು ಮನ್ನಣೆ ಕೊಟ್ಟಿತು. ಇವುಗಳಲ್ಲಿ ಯಾವುದೂ ಗಣಿಯನ್ನು ತಾನಾಗಿ ನಿಲ್ಲಿಸಲಿಲ್ಲ, ಸಂಪರ್ಕ ಕೇಂದ್ರಕ್ಕೆ ದಂಡ ಹಾಕುವ ಅಧಿಕಾರವೂ ಇಲ್ಲ. ಬೆಟ್ಟದ ಜನ ವರ್ಷಗಟ್ಟಲೆ ಹೇಳುತ್ತಿದ್ದ ಮಾತು ಕಂಪನಿಯ ಸಭಾಂಗಣದಲ್ಲಿ ಕೇಳಿಸುವಂತಾಯಿತು, ಅಷ್ಟೆ. ಅದನ್ನು ಕಡಿಮೆಯೆಂದು ನಾನು ಎಣಿಸುವುದಿಲ್ಲ.

ಮುಂದೆ 2019ರ ಏಪ್ರಿಲ್‌ನಲ್ಲಿ, ಜಾಂಬಿಯಾ ದೇಶದ ತಾಮ್ರದ ಗಣಿಯ ಮಾಲಿನ್ಯದಿಂದ ನೊಂದ 1,826 ಗ್ರಾಮಸ್ಥರು ಅದೇ ಮಾತೃಸಂಸ್ಥೆಯ ಮೇಲೆ ಇಂಗ್ಲೆಂಡಿನಲ್ಲಿಯೇ ದಾವೆ ನಡೆಸಬಹುದು ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿತು. ಅಧೀನ ಕಂಪನಿಯ ತಪ್ಪಿಗೆ ತಾನು ಹೊಣೆಯಲ್ಲ ಎಂದು ಮಾತೃಸಂಸ್ಥೆ ಕೈತೊಳೆದುಕೊಳ್ಳುವುದು ಅಂದಿನಿಂದ ಕಷ್ಟವಾಗಿದೆ.

ನಿಮ್ಮೂರಿನ ಕ್ವಾರಿ ಕಂಪನಿ ಷೇರು ಪೇಟೆಯಲ್ಲಿರಲಾರದು. ಆದರೂ ಅದಕ್ಕೆ ಸಾಲ ಕೊಡುವ ಬ್ಯಾಂಕ್ ಇರುತ್ತದೆ, ಜಲ್ಲಿ ಕೊಳ್ಳುವ ರಸ್ತೆ ಗುತ್ತಿಗೆದಾರರಿರುತ್ತಾರೆ. ಆ ಗುತ್ತಿಗೆದಾರ ಕಂಪನಿ ದೇಶದ ಮೊದಲ 1,000 ಷೇರುದಾಖಲಿತ ಕಂಪನಿಗಳಲ್ಲಿ ಒಂದಾಗಿದ್ದರೆ, ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ಪ್ರತಿವರ್ಷ ತನ್ನ ವ್ಯವಹಾರದ ಸಾಮಾಜಿಕ ಹೊಣೆಯ ಬಗ್ಗೆ ವರದಿ ಪ್ರಕಟಿಸಬೇಕಾಗುತ್ತದೆ. ಅದರಲ್ಲಿ ಮಾನವ ಹಕ್ಕುಗಳ ಭಾಗವೂ ಇದೆ. ಜಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ಪತ್ತೆ ಮಾಡಿ.

ಗುಡಿಯ ಕೊಡುಗೆಯ ಬಗ್ಗೆ ಒಂದು ಮಾತು. ವಿಶ್ವಸಂಸ್ಥೆಯು 2011ರಲ್ಲಿ ಅಂಗೀಕರಿಸಿದ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳ ಪ್ರಕಾರ, ಕಂಪನಿಯೊಂದು ಮಾಡುವ ಒಳ್ಳೆಯ ಕೆಲಸವು ಅದು ಹಕ್ಕುಗಳನ್ನು ಗೌರವಿಸದಿದ್ದ ಲೋಪಕ್ಕೆ ಪರಿಹಾರವಾಗಲಾರದು. ಶಾಲೆ, ಆಸ್ಪತ್ರೆ, ಗುಡಿ, ಯಾವುದನ್ನೇ ಕಟ್ಟಿಸಿದರೂ ಅದು ಊರಿನ ಒಪ್ಪಿಗೆಯ ಬೆಲೆಯಾಗುವುದಿಲ್ಲ. ಕಾನೂನಿನ ಅನುಮತಿಯೊಂದೇ ಸಾಲದು ಎಂಬುದಕ್ಕೆ ಆಸ್ಟ್ರೇಲಿಯಾದ ಜೂಕನ್ ಕಣಿವೆಯಿದೆ. 2020ರ ಮೇ 24ರಂದು ರಿಯೋ ಟಿಂಟೊ ಕಂಪನಿ ಕಬ್ಬಿಣದ ಅದಿರಿಗಾಗಿ ಅಲ್ಲಿ ಸುಮಾರು 46,000 ವರ್ಷಗಳಷ್ಟು ಹಳೆಯ ಜನವಸತಿಯ ಕುರುಹುಗಳಿದ್ದ ಗುಹೆಗಳನ್ನು ಸಿಡಿಸಿತು. ಅಲ್ಲಿನ ಮೂಲನಿವಾಸಿಗಳಿಗೆ ಅವು ಪವಿತ್ರವಾಗಿದ್ದವು. ಕಂಪನಿಯ ಕೈಯಲ್ಲಿ ಸರ್ಕಾರದ ಅನುಮತಿಪತ್ರವಿತ್ತು. ಆದರೂ ಹೂಡಿಕೆದಾರರ ಒತ್ತಡಕ್ಕೆ ಮಣಿದು ಅದರ ಮುಖ್ಯಸ್ಥರು ಮತ್ತಿಬ್ಬರು ಹಿರಿಯ ಅಧಿಕಾರಿಗಳೊಂದಿಗೆ ಹುದ್ದೆ ಬಿಡಬೇಕಾಯಿತು. ಗುಹೆಗಳು ಮಾತ್ರ ಹೋದವು, ಇನ್ನು ಬರುವುದಿಲ್ಲ. ಹೊಣೆಗಾರಿಕೆಯ ಮಾತು ಸಿಡಿಮದ್ದಿಗಿಂತ ಮೊದಲು ಬರಬೇಕು.

ಸಂಪಿಗೆ ನೆರಳು, ಚಾಮರಾಜನಗರ

ಇಬ್ಬರೂ ಹೇಳಿದ್ದು ಸರಿಯಾಗಿದೆ. ಆದರೆ ನಿಯಮಗಿರಿಯನ್ನು ಕೇವಲ ಗೆಲುವಿನ ಕಥೆಯಾಗಿ ಹೇಳುವಾಗ ನನಗೆ ಆತಂಕವಾಗುತ್ತದೆ. ಬೆಟ್ಟಸಾಲಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗಳಿರುವಾಗ ರಾಜ್ಯ ಸರ್ಕಾರ ಗ್ರಾಮಸಭೆಗೆ ಆರಿಸಿದ್ದು 12ನ್ನು ಮಾತ್ರ, ರಾಯಗಡದ 7 ಮತ್ತು ಕಾಳಹಂಡಿಯ 5. 2013ರ ಜುಲೈ 18ರಂದು ಸೆರ್ಕಪಾಡಿಯಲ್ಲಿ ಮೊದಲ ಸಭೆ, ಆಗಸ್ಟ್ 19ರಂದು ಜರಪಾದಲ್ಲಿ ಕೊನೆಯದು. ಹನ್ನೆರಡೂ ಸಭೆಗಳು ಗಣಿ ಬೇಡವೆಂದವು. ದೇವರು ಬೆಟ್ಟದ ಯಾವುದೋ ಒಂದು ಮೂಲೆಯಲ್ಲಿಲ್ಲ, ಬೆಟ್ಟವೆಲ್ಲ ಅವನದೇ ಎಂಬ ಮಾತನ್ನು ಹಳ್ಳಿ ಹಳ್ಳಿಯಲ್ಲಿ ಜನ ಆಡಿದರು. ನಿಮ್ಮೂರಿನ ಅಜ್ಜಿ ಹೇಳಿದ್ದೂ ಅದನ್ನೇ ಅಲ್ಲವೇ? 2014ರ ಜನವರಿಯಲ್ಲಿ ಕೇಂದ್ರವು ಗಣಿಯನ್ನು ಅಂತಿಮವಾಗಿ ತಿರಸ್ಕರಿಸಿತು. ಅಷ್ಟಾದ ಮೇಲೂ 2016ರಲ್ಲಿ ಗಣಿ ನಿಗಮವು ಗ್ರಾಮಸಭೆಗಳನ್ನು ಮತ್ತೆ ನಡೆಸಬೇಕೆಂದು ಸುಪ್ರೀಂ ಕೋರ್ಟಿಗೆ ಹೋಯಿತು, ಆ ಅರ್ಜಿ ವಜಾ ಆಯಿತು. ಬೆಟ್ಟದ ಬುಡದ ಕಾರ್ಖಾನೆ ಬೇರೆಡೆಯ ಅದಿರಿನಿಂದ ಇಂದಿಗೂ ನಡೆಯುತ್ತಿದೆ. ಅದೇ ಜಿಲ್ಲೆಗಳ ಸಿಜಿಮಾಲಿ ಬೆಟ್ಟದಲ್ಲಿ 2023ರಿಂದ ಮತ್ತೆ ಬಾಕ್ಸೈಟ್ ಗಣಿಯ ವಿವಾದ ನಡೆದಿದೆ. ಒಮ್ಮೆ ಬೇಡವೆಂದರೆ ಮುಗಿಯುತ್ತದೆ ಎಂದುಕೊಳ್ಳಬೇಡಿ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕು ಪಡೆದರು, ಅದೂ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ವರ್ಷದಲ್ಲಿಯೇ. ಅವರು ಮಾಡಿದ ಒಂದು ಕೆಲಸ ನಿಮಗೂ ಉಪಯೋಗವಾಗುತ್ತದೆ. ದೊಡ್ಡಸಂಪಿಗೆಯಂಥ ಮರವಿರಲಿ, ಕಲ್ಲಿರಲಿ, ಹಳ್ಳವಿರಲಿ, ತಮ್ಮ ಹಿರಿಯರು ಪೂಜಿಸಿಕೊಂಡು ಬಂದ ತಾಣಗಳನ್ನು ಕಾಡಿನಲ್ಲಿ ನಡೆದು ಗುರುತಿಸಿ ನಕ್ಷೆಗೆ ಇಳಿಸಿದರು. ಬಾಯಿಮಾತಿನ ನಂಬಿಕೆಗೆ ಕಚೇರಿಯಲ್ಲಿ ಬೆಲೆ ಸಿಗುವುದು ಅದು ನಕ್ಷೆಯ ಮೇಲೆ ಬಂದಾಗ. ಇದು ನನಗೆ ನೋವಿನ ಸಂಗತಿ, ಆದರೂ ನಿಜ. ನಿಮ್ಮ ಸೀಮೆಗೆ ಹತ್ತಿರದ ಸೊರಬದ ಕಾನುಗಳ, ಎಂದರೆ ಅಲ್ಲಿನ ದಟ್ಟ ಕಾಡುಗಳ ಬಗ್ಗೆ 1868ರಲ್ಲಿಯೇ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸರ್ಕಾರಕ್ಕೆ ವರದಿ ಬರೆದಿದ್ದರು. ಅಂಥ ಹಳೆಯ ಕಾಗದಪತ್ರಗಳು ನಿಮ್ಮ ಊರಿನ ಬಗ್ಗೆಯೂ ಇರಬಹುದು, ಹುಡುಕಿಸಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಬನವನ್ನು ಸೇರಿಸಲು ಒತ್ತಾಯಿಸಿ. ದೇವನಹಳ್ಳಿಯ ನಲ್ಲೂರು ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಆ ಸಮಿತಿಗಳನ್ನು ರಚಿಸುವ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿಯೇ.

ಇನ್ನೊಂದನ್ನು ನಿಷ್ಠುರವಾಗಿ ಹೇಳಬೇಕಾಗಿದೆ, ಬೇಸರಿಸಬೇಡಿ. ನಿಮ್ಮ ಬನದೊಳಗೆ ಯಾರು ಹೋಗಬಹುದು, ಯಾರು ಹೊರಗೆ ನಿಲ್ಲಬೇಕು? ಕೇರಿಯ ಜನರಿಗೆ, ಹೆಣ್ಣುಮಕ್ಕಳಿಗೆ, ಒರತೆಯ ನೀರನ್ನು ಕುಡಿಯುವ ಮುಸ್ಲಿಂ ಮನೆಗಳಿಗೆ ಆ ಬನದ ವಿಷಯದಲ್ಲಿ ಮಾತಿದೆಯೇ? ಅರಣ್ಯ ಹಕ್ಕು ನಿಯಮಗಳ ಪ್ರಕಾರ ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಿರಬೇಕು. ಕೆಲವು ಮನೆಗಳವರು ಸೇರಿ ಊರಿನ ಹೆಸರಿನಲ್ಲಿ ಬರೆದ ಠರಾವು ಕಂಪನಿ ಬರೆಸಿಕೊಂಡ ಒಪ್ಪಿಗೆಗಿಂತ ಹೆಚ್ಚು ನ್ಯಾಯವಾದದ್ದಾಗಲಾರದು. ನಿಮ್ಮ ಸ್ನೇಹಿತರ ಪ್ರಶ್ನೆಗೆ ನನ್ನ ಉತ್ತರವೂ ಇದರಲ್ಲಿಯೇ ಇದೆ. ಪೂಜಿಸುವವರು ಪೂಜೆಯ ಹಕ್ಕನ್ನು, ಕುಡಿಯುವವರು ನೀರಿನ ಹಕ್ಕನ್ನು, ಒಂದೇ ಸಭೆಯಲ್ಲಿ, ಒಂದೇ ಠರಾವಿನಲ್ಲಿ ಬರೆಸಲಿ.

ಕಾನಂಚು

ಮೂವರಿಗೂ ನಮಸ್ಕಾರ. ಸಂಪಿಗೆ ನೆರಳು ಅವರೇ, ನಿಮ್ಮ ಮಾತಿಗೆ ಬೇಸರವಿಲ್ಲ. ನಮ್ಮ ಬನದಲ್ಲಿ ಚೌಡಿಗೆ ಮೊದಲ ಕಾಯಿ ಒಡೆಯುವವರು ಕೇರಿಯ ಮನೆಯವರೇ, ಅದು ಹಿಂದಿನಿಂದ ಬಂದ ಪದ್ಧತಿ. ಆದರೆ ಶಾಲೆಯ ಜಗಲಿಯ ಸಭೆಗೆ ಅವರನ್ನು ಕರೆದಿರಲಿಲ್ಲ ಎಂಬುದು ನೀವು ಕೇಳಿದ ಮೇಲೆ ನನಗೆ ಹೊಳೆಯಿತು. ಕಂಪನಿಯವರು ಕರೆಯಲಿಲ್ಲ, ನಾವೂ ಕರೆಯಲಿಲ್ಲ. ಇಂದು ಸಂಜೆ ಅವರ ಮನೆಗೆ ಹೋಗಿ ಬಂದೆ. ಬನದ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿದೆ. ಬರುವ ಭಾನುವಾರ ಅವರೊಂದಿಗೆ, ಅಜ್ಜಿಯೊಂದಿಗೆ, ಕೆಳಗಿನ ತೋಟದ ಸಾಹೇಬರ ಮನೆಯವರೊಂದಿಗೆ ಎಲ್ಲೆಯ ಸುತ್ತ ನಡೆದು ನಕ್ಷೆ ಬರೆಯುತ್ತೇವೆ.

ವಕೀಲರಿಗೆ ಒಂದು ಪ್ರಶ್ನೆ ಉಳಿದಿದೆ. ಅಂದಿನ ಸಭೆಯಲ್ಲಿ ಚಹಾ ಕೊಡುವಾಗ ಹಾಜರಾತಿಗೆಂದು ಒಂದು ಹಾಳೆಯಲ್ಲಿ ಸುಮಾರು ನಲವತ್ತು ಜನರ ಸಹಿ ಪಡೆದಿದ್ದಾರೆ. ಹಾಳೆಯ ಮೇಲ್ಭಾಗ ಖಾಲಿಯಿತ್ತು. ಅದು ಮುಂದೆ ಒಪ್ಪಿಗೆಪತ್ರವಾಗಿ ಬಂದರೆ ಏನು ಮಾಡಬೇಕು?

ಧಾರವಾಡದ ವಕೀಲ

ಬರುವ ತನಕ ಕಾಯಬೇಡಿ. ಸಹಿ ಹಾಕಿದವರೆಲ್ಲ ಈಗಲೇ, ಯಾವ ದಿನ, ಯಾವ ಸಭೆಯಲ್ಲಿ, ಹಾಜರಾತಿಗೆಂದು ಮಾತ್ರ ಸಹಿ ಮಾಡಿದ್ದೇವೆ ಎಂದು ಸ್ಪಷ್ಟವಾಗಿ ಬರೆದು ಪಿಡಿಒ, ತಹಶೀಲ್ದಾರರು, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿ ಮತ್ತು ವಲಯ ಅರಣ್ಯಾಧಿಕಾರಿಗಳಿಗೆ ಕೊಟ್ಟು, ಪ್ರತಿಯೊಂದಕ್ಕೂ ಸ್ವೀಕೃತಿಯ ಮುದ್ರೆ ಪಡೆಯಿರಿ. ಅದೇ ದಿನ ಮಾಹಿತಿ ಹಕ್ಕಿನ ಅಡಿಯಲ್ಲಿ ಕ್ವಾರಿ ಅರ್ಜಿಯ ಪೂರ್ಣ ಕಡತದ ಪ್ರತಿ ಕೇಳಿ. 30 ದಿನಗಳಲ್ಲಿ ಉತ್ತರ ಬರಬೇಕು. ಕಡತದಲ್ಲಿ ಬನವನ್ನು ಏನೆಂದು ಬರೆದಿದ್ದಾರೆ ಎಂಬುದನ್ನು ಮೊದಲು ನೋಡಿ. ‘ಖರಾಬು, ಕುರುಚಲು ಗಿಡಗಳು’ ಎಂದಿದ್ದರೆ ಭಾನುವಾರ ನೀವು ಬರೆಯುವ ನಕ್ಷೆಯನ್ನು, ಒರತೆಯ ಚಿತ್ರಗಳೊಂದಿಗೆ, ಆಕ್ಷೇಪಣೆಗೆ ಲಗತ್ತಿಸಿ ಕಳುಹಿಸಿ. ಕಡತ ಕೈಗೆ ಬಂದ ಮೇಲೆ ಇಲ್ಲಿಯೇ ಬರೆಯಿರಿ, ಆಕ್ಷೇಪಣೆಯ ಕರಡನ್ನು ನಾನು ಸಿದ್ಧಪಡಿಸಿಕೊಡುತ್ತೇನೆ.